ಸತ್ತ ದಾರಿಗೆ ಕೆಂಪು ಚೀಟಿ

ಅಂಗಡಿಯೊಳಗೆ ನೀರು ನುಗ್ಗಿದಾಗ ನನ್ನ ಬಲಗೆನ್ನೆಯ ಗಡ್ಡ ಹೋಗಿತ್ತು, ಎಡಗೆನ್ನೆಯದು ಸೋಪಿನ ನೊರೆಯೊಳಗೆ ಸರದಿ ಕಾಯುತ್ತಿತ್ತು. ಬೆಳಗಿನ ಹನ್ನೊಂದು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿಲ್ಲ. ಆದರೂ ಗುಡ್ಡದ ಕಡೆಯ ರಸ್ತೆಯಿಂದ ನೀರು ಸದ್ದಿಲ್ಲದೆ ಇಳಿದು ಬಂದು, ಹೊಸ್ತಿಲು ದಾಟಿ, ನೆಲದ ಮೇಲೆ ಬಿದ್ದಿದ್ದ ಊರಿನವರ ಕೂದಲನ್ನೆಲ್ಲ ತೇಲಿಸಿಕೊಂಡು ಕನ್ನಡಿಯ ಕೆಳಗೆ ಹೋಗಿ ನಿಂತಿತು.

"ಭಾವ, ನೀರು!" ಎಂದೆ.

"ಅಲ್ಲಾಡಬೇಡಿ, ಕೈಯಲ್ಲಿ ಕತ್ತಿ ಇದೆ," ಎಂದ ಭಾವ ಆಮೇಲೆ ತಮ್ಮ ಕಾಲು ನೋಡಿಕೊಂಡರು. ಎಡಗಾಲಿನ ಚಪ್ಪಲಿ ಆಗಲೇ ಬೆಂಚಿನ ಕೆಳಗೆ ಪ್ರಯಾಣ ಹೊರಟಿತ್ತು.

ಭಾವ ನನಗೆ ಸ್ವಂತ ಭಾವನೇನಲ್ಲ. ಅವರ ಹೆಂಡತಿಯನ್ನು ಇಡೀ ಬಡಾವಣೆ ಅಕ್ಕ ಎಂದು ಕರೆಯುತ್ತಿತ್ತು. ಹಾಗಾಗಿ ಮೂವತ್ತು ವರ್ಷದಿಂದ ಕಟಿಂಗ್ ಅಂಗಡಿ ನಡೆಸುತ್ತಿದ್ದ ಈ ಮನುಷ್ಯ ತಮ್ಮ ಗಿರಾಕಿಗಳಿಗೆಲ್ಲ ಒಂದೇ ಸಲ ಭಾವನಾಗಿಬಿಟ್ಟಿದ್ದರು. ಅವರು ಒಂದು ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಹೆಂಡತಿಗೆ ಫೋನ್ ಮಾಡಿದರು. ಅಕ್ಕ ಕೆಲಸ ಮಾಡುವುದು ನೀರು ಸರಬರಾಜು ಕಚೇರಿಯಲ್ಲೇ.

"ಏನೇ, ನಿಮ್ಮ ಟ್ಯಾಂಕು ಉಕ್ಕಿ ನಮ್ಮ ಅಂಗಡಿಗೆ ಬಂದಿದೆ."

"ಸಾಧ್ಯವೇ ಇಲ್ಲ ರೀ. ಅರ್ಧ ಟ್ಯಾಂಕು ಅಂತ ಪರದೆ ಮೇಲೆ ತೋರಿಸ್ತಾ ಇದೆ."

"ಹಾಗಾದ್ರೆ ಆ ಪರದೆ ತಗೊಂಡು ಬಾ. ನೆಲ ಒರೆಸೋಣ."

ಫೋನು ಕಟ್ಟಾಯಿತು. ಅಕ್ಕ ಕಿಟಕಿಯ ಹತ್ತಿರ ಓಡಿರಬೇಕು. ಕಚೇರಿಯ ಕಿಟಕಿಯಿಂದ ಗುಡ್ಡದ ಮೇಲಿನ ಟ್ಯಾಂಕು ಕಾಣುತ್ತದೆ. ಆವತ್ತು ಅದರ ನಾಲ್ಕೂ ಬದಿಯಿಂದ ನೀರು ಬಿಳಿಯ ಸೆರಗಿನಂತೆ ಇಳಿಯುತ್ತಿತ್ತಂತೆ. ಐದು ನಿಮಿಷದಲ್ಲಿ ಪಂಪು ನಿಂತಿತು, ಅರ್ಧ ಗಂಟೆಯಲ್ಲಿ ರಸ್ತೆ ಖಾಲಿಯಾಯಿತು. ಮುಂಚಿನ ಹಾಗಿದ್ದರೆ ಟ್ಯಾಂಕಿನ ಹತ್ತಿರ ಒಬ್ಬ ಕಾವಲುಗಾರ ಇದ್ದು ಕೂಗಿ ಹೇಳುತ್ತಿದ್ದ. ಯಂತ್ರ ಬಂದಿತೆಂದು ಅವನನ್ನು ಬೇರೆ ಕಡೆಗೆ ಹಾಕಿದ್ದರು. ನನ್ನ ಎಡಗೆನ್ನೆಯ ಕೆಲಸ ಮಾತ್ರ ಮಧ್ಯಾಹ್ನದ ಮೇಲೆ ಆಯಿತು. ಅಷ್ಟು ಹೊತ್ತು ನಾನು ಬೆಂಚಿನ ಮೇಲೆ ಕಾಲು ಮಡಚಿ ಕುಳಿತು, ಅಕ್ಕನ ಯಂತ್ರಕ್ಕೆ ಏನಾಗಿರಬಹುದು ಎಂಬ ಬಗ್ಗೆ ಭಾವ ಕೊಟ್ಟ ಮೂರು ಬೇರೆಬೇರೆ ವಿವರಣೆ ಕೇಳಿದೆ. ಮೂರೂ ತಪ್ಪು ಎಂದು ಆಮೇಲೆ ಗೊತ್ತಾಯಿತು.

ನಿಜ ವಿಷಯ ಹೇಳಬೇಕಾದರೆ ಮೊದಲು ಅಕ್ಕನ ಬಗ್ಗೆ ಹೇಳಬೇಕು. ಅವರ ಪೂರ್ತಿ ಹೆಸರು ಗಂಟಕ್ಕ. ಅಂದರೆ ಜನ ಇಟ್ಟ ಹೆಸರು. ಇಪ್ಪತ್ತೆರಡು ವರ್ಷ ಅವರು ಟೆಲಿಫೋನ್ ಕಚೇರಿಯಲ್ಲಿ ಕೇಬಲ್ ಜೋಡಿಸುವ ಕೆಲಸ ಮಾಡಿದವರು. ಕಡಿದುಹೋದ ಕೇಬಲ್ಲೊಂದರಲ್ಲಿ ಸಾವಿರದಿನ್ನೂರು ಜೋಡಿ ತಂತಿಗಳಿರುತ್ತವೆ, ಒಂದೊಂದೂ ಕೂದಲಿಗಿಂತ ಸ್ವಲ್ಪ ದಪ್ಪ. ಮೊಣಕಾಲುದ್ದದ ಗುಂಡಿಯಲ್ಲಿ ಮಣೆ ಹಾಕಿಕೊಂಡು ಕುಳಿತು, ಈ ತುದಿಯ ಒಂದೊಂದು ತಂತಿಯನ್ನೂ ಆ ತುದಿಯ ಅದರ ಜೊತೆಗಾರನಿಗೆ ಗಂಟು ಹಾಕಬೇಕು. ಒಂದು ತಪ್ಪಿದರೆ ಡಾಕ್ಟರಿಗೆ ಬರಬೇಕಾದ ಫೋನು ಹಾಲಿನವನ ಮನೆಯಲ್ಲಿ ಹೊಡೆದುಕೊಳ್ಳುತ್ತದೆ. ಗಂಟಕ್ಕನ ಗಂಟು ತಪ್ಪಿದ ದಾಖಲೆ ಇಲ್ಲ. ಗುಂಡಿಯ ಮೇಲೆ ನಿಂತು ಉಪದೇಶ ಕೊಡುವ ದಾರಿಹೋಕರಿಗೆ ಅವರು ತಲೆ ಎತ್ತದೆ, "ನೆರಳು ಬೀಳ್ತಾ ಇದೆ, ಸ್ವಲ್ಪ ಆಕಡೆ ನಿಂತು ಮಾತಾಡಿ," ಎನ್ನುತ್ತಿದ್ದರು. ಹಾಗೆ ಪಕ್ಕಕ್ಕೆ ಸರಿದು ಮಾತಾಡುತ್ತಲೇ ಉಳಿದ ದಾರಿಹೋಕರೊಬ್ಬರು ಮುಂದೆ ಅವರ ಗಂಡನಾದರು.

ತಾಮ್ರದ ತಂತಿಯ ಕಾಲ ಮುಗಿದಾಗ ಟೆಲಿಫೋನ್ ಕಚೇರಿ ಅವರನ್ನು ನೀರಿನ ಕಚೇರಿಗೆ ದಾಟಿಸಿತು. ಅಲ್ಲಿ ಹುದ್ದೆಯ ಹೆಸರು ನೆಟ್‌ವರ್ಕ್ ಸಹಾಯಕಿ. ಎರಡು ಕಪಾಟಿನಷ್ಟು ಯಂತ್ರಗಳಿರುವ ಒಂದು ತಣ್ಣನೆಯ ಕೋಣೆ, ಒಂದು ಕುರ್ಚಿ, ಒಂದು ಪರದೆ. ಗಂಟಕ್ಕನಿಗೆ ಮೊದಮೊದಲು ಕೈಗೆ ಕೆಲಸವಿಲ್ಲದೆ ಬೇಜಾರಾಗಿತ್ತು. ಕೋಣೆಯ ಉಸ್ತುವಾರಿ ವಹಿಸಿದ್ದ ಇಂಜಿನಿಯರ್ ಹುಡುಗಿ, ವಯಸ್ಸಿನಲ್ಲಿ ಅಕ್ಕನಿಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು, ಒಳ್ಳೆಯ ಮನಸ್ಸಿನವಳು. ಅಕ್ಕ ಅವಳನ್ನು ಮೇಡಂ ಎನ್ನುತ್ತಿದ್ದರು, ಅವಳು ಇವರನ್ನು ಅಕ್ಕ ಎನ್ನುತ್ತಿದ್ದಳು. ಬೈಯುವ ಸಂದರ್ಭ ಬಂದಾಗ ಮಾತ್ರ ಇಬ್ಬರೂ ಹೋಗಿ ಯಂತ್ರವನ್ನು ಬೈಯುತ್ತಿದ್ದರು.

ಕೋಣೆಯ ಮುಖ್ಯ ಯಂತ್ರದ ಕೆಲಸ ಸರಳ. ನಿಮಿಷಕ್ಕೊಂದು ಸಲ ಗುಡ್ಡದ ಟ್ಯಾಂಕಿನಲ್ಲಿರುವ ಪೆಟ್ಟಿಗೆಯನ್ನು "ನೀರೆಷ್ಟಿದೆ?" ಎಂದು ಕೇಳಬೇಕು. ಬಂದ ಉತ್ತರ ನೋಡಿ ಹೊಳೆಯ ಬದಿಯ ಪಂಪನ್ನು ನಡೆಸಬೇಕು, ಇಲ್ಲವೇ ನಿಲ್ಲಿಸಬೇಕು. ಉತ್ತರ ಬರದಿದ್ದರೆ ಪಂಪು ತಾನು ಮಾಡುತ್ತಿದ್ದುದನ್ನೇ ಮಾಡುತ್ತಿರುತ್ತದೆ. ಪ್ರಶ್ನೆ ಹೋಗಲಿಕ್ಕೆ ಎರಡು ದಾರಿ: ಒಂದು, ನೆಲದಡಿಯ ಕೇಬಲ್ಲು; ಇನ್ನೊಂದು, ಮಹಡಿಯ ಮೇಲಿನ ರೇಡಿಯೋ. ಯಂತ್ರದ ಬೆನ್ನಲ್ಲಿ ತಂತಿ ಸಿಕ್ಕಿಸುವ ಕಿಂಡಿಗೆ ಪೋರ್ಟು ಎನ್ನುತ್ತಾರೆ, ತಂತಿ ಸರಿಯಿದ್ದರೆ ಅದರ ಪಕ್ಕ ಹಸಿರು ದೀಪ ಉರಿಯುತ್ತದೆ. ಕೇಬಲ್ಲು ಮೊದಲನೇ ಪೋರ್ಟಿಗೆ ಸಿಕ್ಕಿಸಿದೆ, ರೇಡಿಯೋದ ತಂತಿ ಎರಡನೇ ಪೋರ್ಟಿಗೆ. ಯಂತ್ರದೊಳಗೆ ಒಂದು ದಾರಿಪಟ್ಟಿ ಇದೆ. ಅದರಲ್ಲಿ ಇಂಜಿನಿಯರ್ ಎರಡು ಸಾಲು ಬರೆದಿದ್ದಳು: ಟ್ಯಾಂಕಿಗೆ ಹೋಗಲು ಮೊದಲನೇ ಪೋರ್ಟು, ಅದಿಲ್ಲದಿದ್ದರೆ ಎರಡನೆಯದು.

ಆವತ್ತು ಬೆಳಿಗ್ಗೆ ಏಳು ಗಂಟೆಗೆ ಕೋಣೆಗೆ ಬಣ್ಣ ಹೊಡೆಯಲು ಪೇಂಟರ್ ಬಂದಿದ್ದ. ಶಿಸ್ತಿನ ಮನುಷ್ಯ. ಕಪಾಟಿನ ಹಿಂದಿನ ಗೋಡೆಗೆ ಬ್ರಷ್ಷು ಹೋಗುವುದಿಲ್ಲವೆಂದು ಅಡ್ಡ ಇದ್ದ ಒಂದು ಕೇಬಲ್ಲನ್ನು ಜೋಪಾನವಾಗಿ ಬಿಚ್ಚಿ, ತುದಿಗೆ ಬಣ್ಣ ತಾಗದಿರಲಿ ಎಂದು ಕಾಗದ ಸುತ್ತಿ, ಮೊಳೆಗೆ ನೇತು ಹಾಕಿದ್ದ. ಬಣ್ಣ ಒಣಗಿದ ಮೇಲೆ ಸಿಕ್ಕಿಸಿ ಹೋಗೋಣ ಎಂದುಕೊಂಡಿದ್ದ. ಮೊದಲನೇ ಪೋರ್ಟಿನ ಹಸಿರು ದೀಪ ಆರಿತು. ಆದರೆ ದಾರಿಪಟ್ಟಿಯ ಮೊದಲ ಸಾಲು ಹಾಗೇ ಇತ್ತು. ಸಾಲು ಇದೆಯಲ್ಲ ಎಂದು ಯಂತ್ರ ನಾಲ್ಕು ಗಂಟೆ ಕಾಲ ನಿಮಿಷಕ್ಕೊಂದು ಪ್ರಶ್ನೆಯನ್ನು ಆ ಖಾಲಿ ಪೋರ್ಟಿನೊಳಗೆ ತಳ್ಳುತ್ತಲೇ ಇತ್ತು. ಪಕ್ಕದಲ್ಲೇ ರೇಡಿಯೋ ಕೈಕಟ್ಟಿ ಕುಳಿತಿತ್ತು. ಪರದೆಯ ಮೇಲೆ ಏಳು ಗಂಟೆಯ ಅರ್ಧ ಟ್ಯಾಂಕು ಹನ್ನೊಂದರವರೆಗೂ ಅರ್ಧವಾಗಿಯೇ ಉಳಿಯಿತು. ಪಂಪು ನಡೆಯುತ್ತಿತ್ತು, ನಡೆಯುತ್ತಲೇ ಹೋಯಿತು.

"ದೀಪ ಆರಿರೋದು ನಮಗೆ ಕಾಣುತ್ತೆ. ಅದಕ್ಕೆ ಕಾಣಲ್ವಾ ಮೇಡಂ?" ಎಂದು ಅಕ್ಕ ಕೇಳಿದರು.

"ಕಾಣುತ್ತೆ ಅಕ್ಕ. ಆದ್ರೆ ಈ ಆಪರೇಟಿಂಗ್ ಸಿಸ್ಟಂ ದೀಪ ಆರಿದ್ರೂ ಪಟ್ಟಿ ಮುಟ್ಟಲ್ಲ. ಇದರ ಸ್ವಭಾವ ಹಾಗೆ."

"ಒಳ್ಳೇ ಸ್ವಭಾವ. ಎದುರಿಗೆ ಗೋಡೆ ಬಂದ್ರೂ ನಡ್ಕೊಂಡೇ ಹೋಗೋದು."

ಇಂಜಿನಿಯರ್ ಒಂದು ವಾರ ಕುಳಿತು ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದಳು. ಅದು ಚುರುಕು. ಕೇಬಲ್ಲು ಎಳೆದರೆ ಸಾಕು, ಆ ಪೋರ್ಟಿನ ಸಾಲನ್ನು ಪಟ್ಟಿಯಿಂದ ಅಳಿಸಿ ಹಾಕುತ್ತಿತ್ತು. ಪ್ರಶ್ನೆಗಳು ತಕ್ಷಣ ರೇಡಿಯೋ ಹಿಡಿಯುತ್ತಿದ್ದವು. ಎಲ್ಲರೆದುರು ಎಳೆದು ತೋರಿಸಿದರು. ಕಚೇರಿಯ ಮೇಲಧಿಕಾರಿ ಭೇಷ್ ಎಂದರು. ಭಾವ ಅಂಗಡಿಯಲ್ಲಿ, "ಈಗ ಪ್ರಳಯ ಆದ್ರೂ ನಮ್ಮ ಹೊಸ್ತಿಲು ಒದ್ದೆಯಾಗಲ್ಲ," ಎಂದು ಘೋಷಿಸಿದರು.

ಒದ್ದೆಯಾಗಲಿಲ್ಲ, ನಿಜ. ಎಂಟು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಂಗಡಿ ತುಂಬ ಜನ. ಒಬ್ಬನ ತಲೆಗೆ ಶಾಂಪೂ, ಇಬ್ಬರ ಮುಖಕ್ಕೆ ನೊರೆ, ಹೊಸದಾಗಿ ತಲೆಗೆ ಬಣ್ಣ ಹಚ್ಚಿಸಿಕೊಂಡ ಬ್ಯಾಂಕಿನವರೊಬ್ಬರು ಗಡಿಯಾರ ನೋಡುತ್ತ ಕುಳಿತಿದ್ದರು. ಭಾವ ನಲ್ಲಿ ತಿರುಗಿಸಿದರು. ನಲ್ಲಿ ಒಂದು ಸಲ ಕೆಮ್ಮಿತು, ಎರಡು ಹನಿ ಉದುರಿಸಿತು, ಸುಮ್ಮನಾಯಿತು. ಆ ದಿನ ಊರಿನಲ್ಲಿ ಯಾರ ಮನೆಯಲ್ಲೂ ಒಂದು ತೊಟ್ಟು ನೀರಿರಲಿಲ್ಲ. ಬ್ಯಾಂಕಿನವರ ತಲೆಯನ್ನು ಕೊನೆಗೆ ಸೋಡಾದಲ್ಲಿ ತೊಳೆಯಬೇಕಾಯಿತು. ಬಣ್ಣ ಸ್ವಲ್ಪ ನೇರಳೆಗೆ ತಿರುಗಿತೆಂದು ಅವರು ಇವತ್ತಿಗೂ ಈ ಅಂಗಡಿಯ ಕಡೆ ಮುಖ ಹಾಕುವುದಿಲ್ಲ.

ನಡೆದದ್ದು ಇಷ್ಟು. ಎರಡು ತಿಂಗಳ ಹಿಂದೆ ಯಾವುದೋ ಕಪಾಟು ಸರಿಸುವಾಗ ಕೇಬಲ್ಲು ಕ್ಷಣಕಾಲ ಕಳಚಿಕೊಂಡಿತ್ತು. ಗಂಟಕ್ಕನೇ ಕೂಡಲೇ ಸಿಕ್ಕಿಸಿದ್ದರು. ಹಸಿರು ದೀಪ ಬಂದಿತ್ತು, ಅವರು ನಿಶ್ಚಿಂತೆಯಿಂದ ಹೋಗಿ ಕುಳಿತಿದ್ದರು. ಆದರೆ ಅಷ್ಟರಲ್ಲೇ ಆ ಚುರುಕು ಸಿಸ್ಟಂ ಮೊದಲ ಸಾಲನ್ನು ಅಳಿಸಿಯಾಗಿತ್ತು. ಕೇಬಲ್ಲು ಹಿಂದಿರುಗಿದಾಗ ಸಾಲನ್ನು ಮತ್ತೆ ಬರೆಯುವ ಅಭ್ಯಾಸ ಅದಕ್ಕಿರಲಿಲ್ಲ. ಮನುಷ್ಯರು ಬರೆದದ್ದನ್ನು ಮನುಷ್ಯರೇ ಮತ್ತೆ ಬರೆಯಬೇಕು. ಎರಡು ತಿಂಗಳು ಎಲ್ಲ ಪ್ರಶ್ನೆಗಳೂ ರೇಡಿಯೋದಲ್ಲೇ ಓಡಾಡಿದವು, ಯಾರ ಗಮನಕ್ಕೂ ಬರಲಿಲ್ಲ. ಆ ಶನಿವಾರ ಬೀಸಿದ ಗಾಳಿಗೆ ಮಹಡಿಯ ರೇಡಿಯೋ ತಟ್ಟೆ ಬುಡಸಮೇತ ಉರುಳಿ ತಂತಿ ಹರಿಯಿತು. ಎರಡನೇ ಸಾಲೂ ಅಳಿಸಿಹೋಯಿತು. ಪಟ್ಟಿ ಪೂರ್ತಿ ಖಾಲಿ. ಕೇಬಲ್ಲು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಹಸಿರು ದೀಪ ಉರಿಯುತ್ತಿತ್ತು, ಯಂತ್ರ ಮಾತ್ರ "ದಾರಿ ಇಲ್ಲ" ಎಂದು ಕುಳಿತಿತ್ತು. ಆ ಹೊತ್ತಿಗೆ ಪಂಪು ನಿಂತಿತ್ತು. ನಿಂತೇ ಇತ್ತು.

ಈ ಸಲ ಗಂಟಕ್ಕನಿಗೆ ನಗು ಬರಲಿಲ್ಲ. ತಾವೇ ಸಿಕ್ಕಿಸಿದ ಕೇಬಲ್ಲು. ಇಪ್ಪತ್ತೆರಡು ವರ್ಷ ಒಂದು ಗಂಟು ತಪ್ಪದ ಕೈ ಸಿಕ್ಕಿಸಿದ್ದು. ಅವರು ಮೂರು ದಿನ ಸರಿಯಾಗಿ ಮಾತಾಡಲಿಲ್ಲ ಎಂದು ಭಾವ ನನಗೆ ಮೆಲ್ಲಗೆ ಹೇಳಿದರು. ಭಾವ ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾಲ್ಕನೇ ದಿನ ಅಕ್ಕ ಇಂಜಿನಿಯರ್ ಮುಂದೆ ಹೋಗಿ ನಿಂತರು.

"ಮೇಡಂ, ಹಳೇದು ಸತ್ತ ದಾರಿನ ಬದುಕಿದೆ ಅಂದುಕೊಳ್ತಿತ್ತು. ಇದು ಸ್ವಲ್ಪ ತಲೆಸುತ್ತು ಬಂದವರನ್ನೂ ಮಣ್ಣು ಮಾಡಿಬಿಡುತ್ತೆ. ನಡುವೆ ಏನೂ ಇಲ್ವಾ?"

"ನಡುವೆ ಅಂದ್ರೆ?"

"ನಮ್ಮ ಟೆಲಿಫೋನ್ ಕಚೇರೀಲಿ ಒಂದು ಜೋಡಿ ತಂತಿ ಕೆಟ್ಟರೆ ರಿಜಿಸ್ಟರಿನಿಂದ ಹೊಡೆದು ಹಾಕ್ತಿರಲಿಲ್ಲ. ಹಾಗಂತ ಸುಮ್ಮನೆ ಬಿಡ್ತಾನೂ ಇರಲಿಲ್ಲ. ತಂತಿಗಳೆಲ್ಲ ಬಂದು ಸೇರೋ ಚೌಕಟ್ಟಿನಲ್ಲಿ ಆ ಜೋಡಿಗೆ ಒಂದು ಕೆಂಪು ಚೀಟಿ ಕಟ್ಟೋರು. ಚೀಟಿ ಇರೋವರೆಗೂ ಅದನ್ನ ಯಾರೂ ಬಳಸೋ ಹಾಗಿಲ್ಲ. ರಿಪೇರಿ ಆದ್ಮೇಲೆ ಚೀಟಿ ಬಿಚ್ಚಿದ್ರಾಯ್ತು, ಜೋಡಿ ಅಲ್ಲೇ ಇರುತ್ತೆ. ಹೊಸದಾಗಿ ಏನೂ ಬರೆಯೋ ಹಾಗಿಲ್ಲ."

ಇಂಜಿನಿಯರ್ ಪೆನ್ನು ತೆಗೆದು ಅದನ್ನು ಬರೆದುಕೊಂಡಳು. ಆಮೇಲೆ, "ಅಕ್ಕ, ಇದನ್ನ ನನಗಲ್ಲ, ಸಿಸ್ಟಂ ಮಾಡೋರಿಗೆ ಹೇಳಬೇಕು," ಎಂದಳು.

"ಅವರು ಎಲ್ಲಿರ್ತಾರೆ?"

"ಎಲ್ಲಾ ಕಡೆ. ಒಬ್ಬರನ್ನೊಬ್ಬರು ನೋಡಿಯೇ ಇರಲ್ಲ. ಎಲ್ಲರಿಗೂ ಹೋಗೋ ಇಮೇಲ್ ಪತ್ರದಲ್ಲೇ ಜಗಳ ಆಡ್ತಾರೆ. ಯಾರು ಬೇಕಾದ್ರೂ ಬರೀಬಹುದು."

ಯಾರು ಬೇಕಾದರೂ ಬರೆಯಬಹುದು ಎನ್ನುವುದೇ ಗಂಟಕ್ಕನಿಗೆ ಭಯ ಹುಟ್ಟಿಸಿತು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಬರೆಯಲು ಕೈ ಬರುತ್ತಿರಲಿಲ್ಲ. ಒಂದು ಸಂಜೆ ಅಂಗಡಿಯ ಬೆಂಚಿನ ಮೇಲೆ ಪತ್ರ ತಯಾರಾಯಿತು. ಅಕ್ಕ ಹೇಳುವುದು, ಇಂಜಿನಿಯರ್ ಬರೆಯುವುದು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದವನಾದ್ದರಿಂದ ನನಗೆ ಅಲ್ಪವಿರಾಮಗಳ ಜವಾಬ್ದಾರಿ. ಭಾವನಿಗೆ ಯಾರೂ ಏನೂ ಕೊಟ್ಟಿರಲಿಲ್ಲ, ಅದಕ್ಕೇ ಅವರು ಹೆಚ್ಚು ಮಾತಾಡಿದರು. "ಪರಮಪೂಜ್ಯರೇ ಅಂತ ಶುರು ಮಾಡಿ. ಬ್ಯಾಂಕಿನವರ ತಲೆ ವಿಷಯ ಹಾಕಿ, ಮನ ಕರಗುತ್ತೆ," ಎಂದರು. ಅಕ್ಕ ಅವರ ಕೈಗೆ ಪೊರಕೆ ಕೊಟ್ಟರು. ಪತ್ರ ಕೊನೆಗೆ ಒಂದೂವರೆ ಪುಟವಾಯಿತು: ಉಕ್ಕಿದ ಟ್ಯಾಂಕು, ಒಣಗಿದ ಟ್ಯಾಂಕು, ಕೆಂಪು ಚೀಟಿ.

ಎರಡನೇ ದಿನವೇ ಉತ್ತರ ಬಂತು. ದಾರಿಪಟ್ಟಿಯ ಭಾಗವನ್ನು ನೋಡಿಕೊಳ್ಳುವ ಹಿರಿಯನೊಬ್ಬ ಬರೆದದ್ದು. ನಾಲ್ಕೇ ಸಾಲು. ಇದು ದೋಷವಲ್ಲ. ಇಪ್ಪತ್ತು ವರ್ಷದಿಂದ ಹೀಗೇ ಇದೆ. ಪೋರ್ಟು ಕೆಲಸ ನಿಲ್ಲಿಸಿ ಬಿದ್ದ ಮೇಲೆ ಆ ದಾರಿಯೂ ಇಲ್ಲ, ಇಲ್ಲದ್ದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಬೇಕಿದ್ದವರು, ದೀಪ ಬಂದಾಗ ಸಾಲನ್ನು ಮತ್ತೆ ಬರೆಯುವ ಪುಟ್ಟ ಪ್ರೋಗ್ರಾಂ, ಒಂದು ಸ್ಕ್ರಿಪ್ಟನ್ನು ತಾವೇ ಮಾಡಿಕೊಳ್ಳಬಹುದು.

"ಯಾರಿವನು ಸಿಡುಕಪ್ಪ!" ಎಂದರು ಭಾವ. ಹೆಸರು ಅಂಟಿಕೊಂಡಿತು.

ಸ್ಕ್ರಿಪ್ಟನ್ನು ಇಂಜಿನಿಯರ್ ಆಗಲೇ ಬರೆದಾಗಿತ್ತು. ಊರಿನ ನೀರು ಅದರ ಮೇಲೇ ನಡೆಯುತ್ತಿತ್ತು. ಆದರೆ ಅಕ್ಕನಿಗೆ ಆ ಉತ್ತರ ಗಂಟಲಲ್ಲಿ ಇಳಿಯಲಿಲ್ಲ. ರಾತ್ರಿಯ ಅಡುಗೆ ಅರ್ಧದಲ್ಲಿ ಬಿಟ್ಟು ತಾವೇ ಎರಡು ವಾಕ್ಯ ಬರೆದರು, ಯಾರಿಗೂ ತೋರಿಸದೆ ಕಳಿಸಿಯೂ ಬಿಟ್ಟರು: ಸಾಲು ಬರೆದದ್ದು ನಾವು, ಅಳಿಸಿದ್ದು ನಿಮ್ಮ ಸಿಸ್ಟಂ. ಅಳಿಸಿದವರೇ ಮತ್ತೆ ಬರೆಯಬೇಕಲ್ಲವೇ? ವ್ಯಾಕರಣ ಎರಡು ಕಡೆ ಕುಂಟುತ್ತಿತ್ತು. ಇಂಜಿನಿಯರ್ ನೋಡಿ ಹಣೆ ಚಚ್ಚಿಕೊಂಡಳು. ಆದರೆ ಆ ಎರಡು ವಾಕ್ಯ ಯಾರ್ಯಾರನ್ನೋ ಎಬ್ಬಿಸಿತು. ಒಬ್ಬ, ನಮ್ಮ ಕಾರ್ಖಾನೆಯಲ್ಲೂ ಹೀಗೇ ಆಗಿದೆ ಎಂದ. ಇನ್ನೊಬ್ಬ, ಆಕೆ ಕೇಳಿದ್ದರಲ್ಲಿ ತಪ್ಪೇನು ಎಂದ. ಮತ್ತೊಬ್ಬ ಅವನಿಗೆ ಹನ್ನೆರಡು ಪ್ಯಾರಾ ಬೈದ. ಮೂರು ವಾರದಲ್ಲಿ ಎಪ್ಪತ್ತಕ್ಕೂ ಹೆಚ್ಚು ಪತ್ರಗಳು. ಭಾವ ಅಂಗಡಿಯಲ್ಲಿ ದಿನಪತ್ರಿಕೆ ಓದುವುದನ್ನು ಬಿಟ್ಟು, ಹೆಂಡತಿಯಿಂದ ಕೇಳಿದ ಜಗಳವನ್ನು ಗಿರಾಕಿಗಳಿಗೆ ಧಾರಾವಾಹಿಯಂತೆ ಹೇಳತೊಡಗಿದರು. ಕ್ರಾಪಿಗೆ ಬರುವ ಸರದಿ ಇಲ್ಲದವರೂ ಬಂದು ಕುಳಿತು ಕೇಳುತ್ತಿದ್ದರು.

ಆ ಪತ್ರಗಳಲ್ಲಿ ಒಂದು ಪ್ರಶ್ನೆ ಅಕ್ಕನನ್ನು ನಿಜವಾಗಿ ಕಟ್ಟಿಹಾಕಿತು. ಸಿಡುಕಪ್ಪನೇ ಕೇಳಿದ್ದು. ನಾನೇ ಆಜ್ಞೆ ಕೊಟ್ಟು ಪೋರ್ಟನ್ನು ಮುಚ್ಚಿದೆ ಅಂದುಕೊಳ್ಳಿ. ಆ ದಾರಿ ನನಗೆ ಬೇಡವಾಗಿದೆ. ಆಗಲೂ ನಿಮ್ಮ ಚೀಟಿ ಕಟ್ಟಿಕೊಂಡು ಅದು ಪಟ್ಟಿಯಲ್ಲೇ ಕೂರಬೇಕೇ? ಅಕ್ಕ ಎರಡು ದಿನ ಯೋಚಿಸಿದರು. ಪೋರ್ಟು ಬಿದ್ದದ್ದು ಬಿದ್ದದ್ದೇ ಅಲ್ಲವೇ? ಉತ್ತರ ಹೊಳೆಯಲಿಲ್ಲ.

ಹೊಳೆಸಿದ್ದು ಅವರ ಅತ್ತೆ. ಎಂಬತ್ತರ ಹತ್ತಿರದ ಹೆಂಗಸು, ಮಾತು ಖಾರ, ಕಿವಿ ಸ್ವಲ್ಪ ಮಂದ. ಮಧ್ಯಾಹ್ನ ಅವರ ಊಟದ ಡಬ್ಬಿ ಮನೆಗೆ ಒಯ್ಯುವುದು ಭಾವನ ಕೆಲಸ. ಆ ದಿನ ಭಾವ ಹೋದಾಗ ಬಾಗಿಲು ಹಾಕಿತ್ತು, ತಳ್ಳಿದರೂ ತೆರೆಯಲಿಲ್ಲ, ಬಡಿದರೂ ಸದ್ದಿಲ್ಲ. ಅಮ್ಮ ಮಗಳ ಮನೆಗೆ ಹೋಗಿರಬೇಕು ಎಂದುಕೊಂಡ ಭಾವ, ಡಬ್ಬಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದುಬಿಟ್ಟರು. ಸಂಜೆ ಗಂಡ ಹೆಂಡತಿ ಮನೆಗೆ ಹೋದರೆ ಅತ್ತೆ ಹೊಸ್ತಿಲ ಮೇಲೆ ದುರ್ಗಿಯಾಗಿ ಕುಳಿತಿದ್ದರು.

"ನನ್ನ ಊಟ ಪಕ್ಕದ ಮನೆಗೆ ಕೊಟ್ಟೆಯಂತೆ?"

"ಬಾಗಿಲು ಹಾಕಿತ್ತಲ್ಲಮ್ಮಾ. ನೀನು ಊರಿಗೆ ಹೋಗಿದ್ದೀಯ ಅಂತ..."

"ಗಾಳಿಗೆ ಬಾಗಿಲು ಬಡ್ಕೊಂಡು ಚಿಲಕ ಬಿತ್ತು ಕಣೋ! ನಾನು ಒಳಗೇ ಇದ್ದೆ. ನಾನು ಬೀಗ ಹಾಕ್ಕೊಂಡು ಹೋದ್ರೆ ಹೋದೆ ಅಂತ ಅರ್ಥ. ಗಾಳಿಗೆ ಮುಚ್ಚಿದ್ರೆ ಇದ್ದೀನಿ ಅಂತ. ನೂರು ತಲೆ ನೋಡೋನಿಗೆ ಅಷ್ಟು ತಲೆ ಇಲ್ವಾ?"

ಭಾವ ಕ್ಷಮೆ ಕೇಳುತ್ತಿದ್ದರು. ಅಕ್ಕ ಅತ್ತೆಯ ಎರಡೂ ಕೈ ಹಿಡಿದುಕೊಂಡು, "ಅತ್ತೆ, ಇನ್ನೊಂದ್ಸಲ ಹೇಳಿ," ಎಂದರು. ಸೊಸೆ ಗೇಲಿ ಮಾಡುತ್ತಿದ್ದಾಳೆಂದು ಅತ್ತೆಗೆ ಇನ್ನಷ್ಟು ಸಿಟ್ಟು ಬಂತು. ಅದನ್ನು ಇಳಿಸಲು ಬಿಸಿಬಿಸಿ ಅಡುಗೆ ಮಾಡಿ ಬಡಿಸಬೇಕಾಯಿತು. ಬಡಿಸಿ, ಕೈ ಒರೆಸಿಕೊಂಡು ಅಕ್ಕ ಬರೆಯಲು ಕುಳಿತರು.

ಬೀಳುವುದರಲ್ಲಿ ಎರಡು ಬಗೆ, ಎಂದು ಬರೆದರು. ಯಂತ್ರದ ಯಜಮಾನ ತಾನಾಗಿ ಪೋರ್ಟು ಮುಚ್ಚಿದರೆ ಅದು ಬೀಗ ಹಾಕಿಕೊಂಡು ಹೋದಂತೆ; ನೀವು ಸಾಲು ಅಳಿಸಿದರೂ ನನ್ನ ತಕರಾರಿಲ್ಲ. ಕೇಬಲ್ಲು ಕಳಚಿಯೋ ಕಡಿದೋ ದೀಪ ಆರಿದರೆ ಅದು ಗಾಳಿಗೆ ಮುಚ್ಚಿದ ಬಾಗಿಲು. ಯಜಮಾನನ ಮನಸ್ಸು ಬದಲಾಗಿಲ್ಲ. ಅವನು ಬರೆದದ್ದನ್ನು ಅಳಿಸುವ ಹಕ್ಕು ನಿಮಗಿಲ್ಲ. ಚೀಟಿ ಕಟ್ಟಿ, ಬಳಸಬೇಡಿ, ದೀಪ ಬಂದಾಗ ಬಿಚ್ಚಿ.

ಇನ್ನೊಬ್ಬ ಕೊಕ್ಕೆ ಹಾಕಿದ: ಕೇಬಲ್ಲು ಸಡಿಲವಿದ್ದು ದೀಪ ನಿಮಿಷಕ್ಕೆ ಹತ್ತು ಸಲ ಆರಿ ಹತ್ತಿದರೆ? ಹತ್ತು ಸಲ ಕಟ್ಟಿ ಬಿಚ್ಚುತ್ತ ಕೂರಬೇಕೇ? ಇದಕ್ಕೆ ಅಕ್ಕ ಯೋಚಿಸಬೇಕಾಗಿಯೇ ಬರಲಿಲ್ಲ. ಕಟ್ಟುವುದು ತಕ್ಷಣ, ಬಿಚ್ಚುವುದು ನಿಧಾನ. ನಾವು ಗಂಟು ಹಾಕಿದ ಮೇಲೆ ಹತ್ತು ನಿಮಿಷ ಕಿವಿಗೆ ಫೋನು ಹಿಡಿದು ಕುಳಿತು, ಕರಕರ ಸದ್ದಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಚೀಟಿ ತೆಗೆಯುತ್ತಿದ್ದೆವು. ನಿಮ್ಮ ಯಂತ್ರ ಚುರುಕಿನದು, ಅದಕ್ಕೆ ಅರ್ಧ ನಿಮಿಷ ಸಾಕೇನೋ.

ಆಮೇಲೆ ಒಂಬತ್ತು ದಿನ ಸಿಡುಕಪ್ಪನ ಸುದ್ದಿಯಿಲ್ಲ. ಮುನಿಸಿಕೊಂಡಿರಬೇಕು ಎಂದರು ಭಾವ. ಅಕ್ಕ, ಯಾರದೋ ಮನೆಯ ಹಿರಿಯರನ್ನು ಎದುರು ಮಾತಾಡಿ ನೋಯಿಸಿದೆನೇನೋ ಎಂದು ಪೇಚಾಡಿಕೊಂಡರು. ಹತ್ತನೇ ದಿನ ಒಂದು ಪತ್ರ ಬಂತು, ಜೊತೆಗೆ ಇನ್ನೂರು ಸಾಲಿನ ಪ್ರೋಗ್ರಾಂ. ಬರೆದದ್ದು ಇಷ್ಟೇ: ಪ್ರಯತ್ನಿಸಿ ನೋಡಿ. ಅರ್ಧ ನಿಮಿಷವೇ ಇಟ್ಟಿದ್ದೇನೆ. ಚೀಟಿಗೆ ಕೆಂಪು ಬಣ್ಣ ಕೊಡಲಾಗಲಿಲ್ಲ, ಪಟ್ಟಿಯಲ್ಲಿ ಬಣ್ಣಗಳಿಲ್ಲ.

ಅಕ್ಕ ಅದನ್ನು ಅಂಗಡಿಗೆ ತಂದು ಎರಡೆರಡು ಸಲ ಓದಿದರು. ಭಾವ ಕತ್ತರಿ ಕೆಳಗಿಟ್ಟು, "ಅಯ್ಯೋ ಪಾಪ, ಒಳ್ಳೆ ಮನುಷ್ಯ ಕಣೇ," ಎಂದರು. ಆದರೆ ಸಿಡುಕಪ್ಪ ಎಂಬ ಹೆಸರನ್ನು ವಾಪಸ್ಸು ಪಡೆಯಲಿಲ್ಲ.

ಒಂದು ಕೊರಗು ಉಳಿಯಿತು. ಹೊಸ ಏರ್ಪಾಡು ತಾನಾಗಿ ನಡೆಯುವಂಥದ್ದಲ್ಲ. ಬೇಕೆಂದವರು ಅದನ್ನು ಚಾಲೂ ಮಾಡಿಕೊಳ್ಳಬೇಕು. "ಚೀಟಿ ಕೈಗೆ ಕೊಟ್ಟು, ಕಟ್ಟೋದು ಬಿಡೋದು ನಿಮ್ಮಿಷ್ಟ ಅಂದ್ರೆ ಹೇಗೆ ಮೇಡಂ?" ಎಂದು ಅಕ್ಕ ಗೊಣಗಿದರು. ಇಂಜಿನಿಯರ್ ತಾಳ್ಮೆಯಿಂದ ಹೇಳಿದಳು: ಸಾವಿರಾರು ಯಂತ್ರಗಳು ಹಳೆಯ ರೀತಿಗೇ ಒಗ್ಗಿಕೊಂಡಿವೆ, ಎಲ್ಲೋ ಯಾರೋ ಆ ಅಳಿಸುವಿಕೆಯನ್ನೇ ನೆಚ್ಚಿಕೊಂಡಿರಬಹುದು, ಏಕಾಏಕಿ ಬದಲಿಸಿದರೆ ಅವರ ಟ್ಯಾಂಕು ಉಕ್ಕುತ್ತದೆ. ಅಕ್ಕ ಒಪ್ಪಿದರು, ಅರೆಮನಸ್ಸಿನಿಂದ. ಹಿಂದೊಮ್ಮೆ ಫೋನಿನ ರಿಂಗಿನ ಸದ್ದು ಸ್ವಲ್ಪ ಬದಲಿಸಿದ್ದಕ್ಕೆ ಅರ್ಧ ಊರು ದೂರು ಕೊಟ್ಟದ್ದು ಅವರಿಗೆ ನೆನಪಿತ್ತು.

ಪರೀಕ್ಷೆಯ ದಿನ ಕೋಣೆಯಲ್ಲಿ ಮೇಲಧಿಕಾರಿ, ಇಂಜಿನಿಯರ್, ಫೋನಿನ ಆ ತುದಿಯಲ್ಲಿ ಪಂಪಿನವನು. ಕೇಬಲ್ಲು ಎಳೆದವರು ಗಂಟಕ್ಕ. ದೀಪ ಆರಿತು. ಪಟ್ಟಿಯ ಮೊದಲ ಸಾಲಿನ ಮುಂದೆ ಒಂದು ಪುಟ್ಟ ಗುರುತು ಮೂಡಿತು. ಮುಂದಿನ ಪ್ರಶ್ನೆ ರೇಡಿಯೋದಲ್ಲಿ ಹೋಗಿ ಉತ್ತರ ತಂದಿತು. ಕೇಬಲ್ಲು ಸಿಕ್ಕಿಸಿದರು. ಎಲ್ಲರೂ ಬಾಯಿಯೊಳಗೇ ಎಣಿಸಿದರು. ಇಪ್ಪತ್ತೊಂಬತ್ತು, ಮೂವತ್ತು. ಗುರುತು ಹೋಯಿತು. ಪ್ರಶ್ನೆ ಮತ್ತೆ ಕೇಬಲ್ಲು ಹಿಡಿಯಿತು.

"ಇಷ್ಟೇನಾ?" ಎಂದರು ಮೇಲಧಿಕಾರಿ.

"ಇಷ್ಟೇ ಸರ್," ಎಂದರು ಅಕ್ಕ, ಹನ್ನೊಂದು ವಾರದ ಆಯಾಸ ಮುಖದಲ್ಲಿ ಕಾಣದ ಹಾಗೆ.

ನಾಲ್ಕು ತಿಂಗಳ ಮೇಲೆ, ಗುಡ್ಡದ ರಸ್ತೆ ಅಗಲ ಮಾಡುವವರು ಒಂದು ಸೋಮವಾರ ಮಣ್ಣು ಅಗೆಯುವ ಗಾಡಿಯಿಂದ ಕೇಬಲ್ಲನ್ನು ಎರಡು ತುಂಡು ಮಾಡಿದರು. ಜೋಡಿಸಲು ಗುರುವಾರದವರೆಗೆ ಹಿಡಿಯಿತು. ಊರಿನಲ್ಲಿ ನಲ್ಲಿಗಳು ಎಂದಿನಂತೆ ಸುರಿದವು, ಹೊಸ್ತಿಲುಗಳು ಎಂದಿನಂತೆ ಒಣಗಿದ್ದವು. ಗುರುವಾರ ಊಟಕ್ಕೆ ಕುಳಿತಾಗ ಅಕ್ಕ ಮಾತಿನ ನಡುವೆ ವಿಷಯ ಹೇಳಿದರಂತೆ.

"ಮೂರು ದಿನದಿಂದ ಕೇಬಲ್ಲು ಕಡಿದಿತ್ತಾ?" ಭಾವ ತುತ್ತು ಕೈಯಲ್ಲೇ ಹಿಡಿದರು. "ನನಗೆ ಈಗ ಹೇಳ್ತಾ ಇದೀಯಾ? ಅಂಗಡೀಲಿ ನಾನು ಮೂರು ದಿನ ಏನು ಮಾತಾಡ್ದೆ ಗೊತ್ತಾ? ಬಿಸಿಲಿನ ವಿಷಯ!"

ಈಗ ಅಕ್ಕನ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದೆ. ಹೋದ ವಾರ ನಾನು ಕ್ರಾಪಿಗೆ ಹೋದಾಗ ಅವರು ಬೆಂಚಿನ ಮೇಲೆ ಕುಳಿತು ಏನೋ ಬರೆಯುತ್ತಿದ್ದರು. ಸಿಡುಕಪ್ಪ ಹೊಸ ಪ್ರಶ್ನೆಯೊಂದನ್ನು ಯಾರಿಗೂ ಕಳಿಸುವ ಮುಂಚೆ ನೇರವಾಗಿ ಇವರಿಗೇ ಕಳಿಸಿದ್ದನಂತೆ. ದೀಪವೇನೋ ಹಸಿರಾಗಿ ಉರಿಯುತ್ತಿದೆ, ಆದರೆ ಮುಂದೆಲ್ಲೋ ನಡುದಾರಿಯಲ್ಲಿ ಪೆಟ್ಟಿಗೆಯೊಂದು ಕೆಟ್ಟು, ಕಳಿಸಿದ್ದು ಯಾವುದೂ ಮುಟ್ಟುತ್ತಿಲ್ಲ. ಇಲ್ಲಿ ಪೋರ್ಟು ಬಿದ್ದಿಲ್ಲ, ದಾರಿ ಮಾತ್ರ ಸತ್ತಿದೆ. ಅಂಥದ್ದನ್ನು ನಿಮ್ಮ ಕಾಲದಲ್ಲಿ ಹೇಗೆ ಪತ್ತೆ ಮಾಡುತ್ತಿದ್ದಿರಿ?

"ಹೇಗೆ ಮಾಡ್ತಿದ್ರಿ ಅಕ್ಕ?" ಎಂದೆ.

"ಸದ್ದು ಬಂದ್ರೆ ಸಾಕು ಅಂತ ಬಿಡ್ತಿರಲಿಲ್ಲ. ಆ ತುದೀಲಿ ಒಬ್ಬರು ಫೋನೆತ್ತಿ ಮಾತಾಡ್ಲೇಬೇಕಿತ್ತು. ಆದ್ರೆ ಎಷ್ಟು ಹೊತ್ತಿಗೊಂದು ಸಲ ಕೇಳ್ಬೇಕು ಅನ್ನೋದೇ ಗೊಂದಲ. ತೀರಾ ಕಡಿಮೆ ಕೇಳಿದ್ರೆ ಗೊತ್ತಾಗೋದು ತಡ. ತೀರಾ ಹೆಚ್ಚು ಕೇಳಿದ್ರೆ ಎತ್ತಿದವರಿಗೆ ಬೇರೆ ಕೆಲಸಾನೇ ಆಗಲ್ಲ."

"ನಮ್ಮಮ್ಮ ನನಗೆ ಫೋನ್ ಮಾಡೋ ಹಾಗೆ," ಎಂದರು ಭಾವ, ನನ್ನ ಕತ್ತನ್ನು ಎಡಕ್ಕೆ ತಿರುಗಿಸುತ್ತ.

ಅಕ್ಕ ನಕ್ಕು, ಮತ್ತೆ ಕಾಗದದ ಮೇಲೆ ಬಗ್ಗಿದರು. ಮೂರು ಸಾಲು ಆಗಿತ್ತು. ನಾಲ್ಕನೆಯದರಲ್ಲಿ ಒಂದು ಪದಕ್ಕೆ ತಡೆದು, ಪೆನ್ನಿನ ತುದಿಯನ್ನು ಕಚ್ಚುತ್ತ ನನ್ನ ಕಡೆ ನೋಡಿದರು.